ಬರ್ನಾರ್ಡನ ಪರಮಗೀತವ್ಯಾಖ್ಯಾನ: ಒಂದು ಹಳೆಯ ಆಕ್ಷೇಪದ ವಿಚಾರ

೧

ಕ್ರಿಸ್ತಶಕ ಹನ್ನೆರಡನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಕ್ಲೇರ್ವೋ ಮಠದ ಅಧಿಪತಿಯಾಗಿದ್ದ ಬರ್ನಾರ್ಡನು ಬೈಬಲಿನ ಹಳೆಯ ಒಡಂಬಡಿಕೆಗೆ ಸೇರಿದ ಪರಮಗೀತಕ್ಕೆ ವ್ಯಾಖ್ಯಾನರೂಪವಾಗಿ ಎಂಬತ್ತಾರು ಪ್ರವಚನಗಳನ್ನು ರಚಿಸಿದನು. ೧೧೩೫ರಲ್ಲಿ ತೊಡಗಿದ ಈ ಕಾರ್ಯವು ೧೧೫೩ನೆಯ ಆಗಸ್ಟ್ ೨೦ರಂದು ಆತನು ತೀರಿಕೊಂಡಾಗಲೂ ಮುಗಿದಿರಲಿಲ್ಲ. ಹದಿನೆಂಟು ವರ್ಷಗಳಲ್ಲಿ ಆತನು ಮೂಲದ ಎಂಟು ಅಧ್ಯಾಯಗಳ ಪೈಕಿ ಎರಡನ್ನು ದಾಟಿ ಮೂರನೆಯದರ ಮೊದಲ ವಾಕ್ಯಕ್ಕೆ ಬಂದಿದ್ದನು, ಅಷ್ಟೆ. ಇಷ್ಟು ನಿಧಾನವಾಗಿ ನಡೆದ, ಇಷ್ಟು ಅಪೂರ್ಣವಾಗಿ ಉಳಿದ ಗ್ರಂಥವೊಂದು ಯೂರೋಪಿನ ಭಕ್ತಿಸಾಹಿತ್ಯದಲ್ಲಿ ಅಗ್ರಸ್ಥಾನವನ್ನು ಪಡೆದಿರುವುದು ವಿಚಾರಾರ್ಹವಾದ ಸಂಗತಿ.

ಗ್ರಂಥಕ್ಕೆ ಗೌರವವು ಹೆಚ್ಚಾದಷ್ಟೂ ಅದನ್ನು ಪರೀಕ್ಷಿಸಿ ನೋಡುವ ಅಭ್ಯಾಸವು ಕಡಮೆಯಾಗುವುದು ಲೋಕರೂಢಿ. ಬರ್ನಾರ್ಡನ ಪ್ರವಚನಗಳಿಗೂ ಹೀಗೆಯೇ ಆಗಿದೆ. ಆದರೆ ಅವು ಇನ್ನೂ ಬರೆಯಲ್ಪಡುತ್ತಿದ್ದಾಗಲೇ ಅವುಗಳ ಮೇಲೆ ಬಲವಾದ ಆಕ್ಷೇಪವೊಂದು ಹೊರಟಿತ್ತು. ಆಕ್ಷೇಪಿಸಿದವನು ಪ್ವಾತಿಯೇದ ಬೆರೆಂಗಾರ್ ಎಂಬ ವಿದ್ವಾಂಸ. ತರ್ಕಪಂಡಿತನಾದ ಅಬೆಲಾರ್ಡನ ಶಿಷ್ಯ. ೧೧೪೧ರಲ್ಲಿ ಸಾಂಸ್ ನಗರದ ಧರ್ಮಸಭೆಯಲ್ಲಿ ಬರ್ನಾರ್ಡನ ಪ್ರಯತ್ನದಿಂದ ಅಬೆಲಾರ್ಡನ ಕೆಲವು ಸಿದ್ಧಾಂತಗಳು ಖಂಡಿತವಾದವು. ಅದರಿಂದ ಕೆರಳಿದ ಶಿಷ್ಯನು ಗುರುವಿನ ಪಕ್ಷವಾಗಿ ಒಂದು ಕಟುವಾದ ಪತ್ರಿಕೆಯನ್ನು ಬರೆದು, ಅದರಲ್ಲಿ ಬರ್ನಾರ್ಡನ ವ್ಯಾಖ್ಯಾನವನ್ನೂ ಹಿಡಿದು ಝಾಡಿಸಿದನು. ಪರಮಗೀತವು ಮದುವೆಯ ಹಾಡು, ಅದರ ವ್ಯಾಖ್ಯಾನದ ನಡುವೆ ಬರ್ನಾರ್ಡನು ಸತ್ತ ಅಣ್ಣನಿಗಾಗಿ ಗೋಳಾಡಿದ್ದಾನೆ, ಇದು ಅನುಚಿತ. ಅದೂ ಸಾಲದೆ, ಆ ಗೋಳಾಟವೂ ಆತನ ಸ್ವಂತದ್ದಲ್ಲ. ಹಿಂದಿನ ಆಂಬ್ರೋಸ್ ಗುರುವು ತನ್ನ ಸೋದರನ ಮರಣಕಾಲದಲ್ಲಿ ಆಡಿದ ಮಾತುಗಳಿಂದ ಎತ್ತಿಕೊಂಡದ್ದು. ಇದು ಬೆರೆಂಗಾರನ ವಾದದ ಸಾರ.

ಬೆರೆಂಗಾರನು ಪಕ್ಷಪಾತಿ ಎಂಬುದರಲ್ಲಿ ಸಂದೇಹವಿಲ್ಲ. ಮುಂದೆ ಆತನೇ ತನ್ನ ಪತ್ರಿಕೆಯು ಹರೆಯದಲ್ಲಿ ಬರೆದದ್ದೆಂದು ಹೇಳಿ ಹಿಂದೆಗೆದನು. ಆದರೂ ಪಕ್ಷಪಾತಿಯ ಪ್ರಶ್ನೆಯೂ ಪ್ರಶ್ನೆಯೇ. ಅದು ಎರಡು ಸಾಹಿತ್ಯವಿಚಾರಗಳನ್ನು ಒಟ್ಟಿಗೆ ಎತ್ತುತ್ತದೆ: ವ್ಯಾಖ್ಯಾನಕಾರನು ಮೂಲವನ್ನು ಬಿಟ್ಟು ತನ್ನ ಬಾಳಿನ ಮಾತನ್ನು ಆಡಬಹುದೇ ಎಂಬುದೊಂದು; ಪೂರ್ವಿಕರ ಮಾತಿನಲ್ಲಿ ಹೊಮ್ಮಿದ ಶೋಕವು ನಿಜವಾದ ಶೋಕವಾಗಬಲ್ಲುದೇ ಎಂಬುದು ಇನ್ನೊಂದು. ಈ ಆಕ್ಷೇಪವನ್ನೇ ಕೈದೀಪವಾಗಿ ಹಿಡಿದು ಗ್ರಂಥವನ್ನು ಪ್ರವೇಶಿಸಿದರೆ ಅದರ ಗುಣದೋಷಗಳೆರಡೂ ತಿಳಿದುಬರುವುವೆಂದು ನಮ್ಮ ಅಭಿಪ್ರಾಯ.

೨

ಮೊದಲು ಮೂಲದ ವಿಷಯ. ಪರಮಗೀತವು ನಲ್ಲನಲ್ಲೆಯರ ಪರಸ್ಪರ ಸಂಬೋಧನೆಗಳ ಮಾಲೆ. ಅದರಲ್ಲಿ ದ್ರಾಕ್ಷೆಯ ತೋಟ, ಕುರಿಮಂದೆ, ಸುಗಂಧದ್ರವ್ಯ, ರಾತ್ರಿಯ ಹುಡುಕಾಟ, ಅಗಲಿಕೆ, ಕೂಟ ಇವೆಲ್ಲ ಉಂಟು, ಸ್ಪಷ್ಟವಾದ ಧರ್ಮೋಪದೇಶವಿಲ್ಲ. ಶಾಸ್ತ್ರಗ್ರಂಥಗಳ ನಡುವೆ ಶೃಂಗಾರಕಾವ್ಯವೇಕೆ ಎಂಬ ಪ್ರಶ್ನೆಗೆ ಯೆಹೂದ್ಯ ಪಂಡಿತರು, ಇದು ದೇವರಿಗೂ ಇಸ್ರಾಯೇಲ್ ಜನಕ್ಕೂ ಇರುವ ಪ್ರೀತಿಯ ವರ್ಣನೆ ಎಂದು ಉತ್ತರ ಕೊಟ್ಟರು. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಒರಿಜೆನನು ಆ ದಾರಿಯನ್ನೇ ಹಿಡಿದು, ವರನೆಂದರೆ ದೇವವಾಕ್ಯವಾದ ಕ್ರಿಸ್ತನೆಂದೂ, ವಧುವೆಂದರೆ ಕ್ರೈಸ್ತಸಭೆ ಅಥವಾ ಒಂದೊಂದು ಜೀವಾತ್ಮವೆಂದೂ ವಿವರಿಸಿದನು. ಆತನ ಗ್ರೀಕ್ ವ್ಯಾಖ್ಯಾನದ ಬಹುಭಾಗವು ನಷ್ಟವಾಗಿದೆ. ರುಫಿನಸನು ಲ್ಯಾಟಿನ್ನಿಗೆ ತಿರುಗಿಸಿದ ಮೊದಲ ಭಾಗವೂ, ಜೆರೋಮನು ತಿರುಗಿಸಿದ ಎರಡು ಉಪದೇಶಗಳೂ ಉಳಿದು, ಪಶ್ಚಿಮದ ಮಠಗಳಲ್ಲಿ ಪಾಠವಾದವು.

ಬರ್ನಾರ್ಡನು ಇವನ್ನು ಬಲ್ಲವನು. ಆದುದರಿಂದ ವರ-ವಧುಗಳ ಸಂಕೇತಾರ್ಥವು ಆತನ ಕಲ್ಪನೆಯಲ್ಲ. ಅದು ಪರಂಪರೆಯಿಂದ ಬಂದ ಸೊತ್ತು. ಆತನ ಹೊಸತನವನ್ನು ಬೇರೆ ಕಡೆ ಹುಡುಕಬೇಕು. ಅದಕ್ಕೆ ಆತನ ಮಠದ ಸ್ಥಿತಿಯನ್ನು ಸ್ವಲ್ಪ ತಿಳಿದಿರಬೇಕು.

ಬರ್ನಾರ್ಡನು ೧೦೯೦ರಲ್ಲಿ ದಿಜೋನ್ ಪಟ್ಟಣದ ಬಳಿ, ಕತ್ತಿ ಹಿಡಿಯುವ ಮನೆತನದಲ್ಲಿ ಹುಟ್ಟಿದನು. ೧೦೯೮ರಲ್ಲಿ ಸ್ಥಾಪಿತವಾದ ಸೀಟೋ ಮಠವು ಬೆನೆಡಿಕ್ಟನ ನಿಯಮವನ್ನು ಯಥಾವತ್ತಾಗಿ ನಡೆಸಬೇಕೆಂಬ ಹಟದಿಂದ ಹೊರಟದ್ದು. ಅದರಿಂದಲೇ ಸಿಸ್ಟರ್ಷಿಯನ್ ಪಂಗಡಕ್ಕೆ ಆ ಹೆಸರು ಬಂದಿತು. ಬರ್ನಾರ್ಡನು ಸುಮಾರು ಮೂವತ್ತು ಮಂದಿ ಬಂಧುಮಿತ್ರರನ್ನು ಕೂಡಿಕೊಂಡು ಅಲ್ಲಿಗೆ ಬಂದು ಸೇರಿ, ೧೧೧೫ರಲ್ಲಿ ಕ್ಲೇರ್ವೋದಲ್ಲಿ ಶಾಖಾಮಠವನ್ನು ಕಟ್ಟಿದನು. ಹಳೆಯ ಮಠಗಳಲ್ಲಿ ತಂದೆತಾಯಿಗಳು ಚಿಕ್ಕ ಮಕ್ಕಳನ್ನು ತಂದೊಪ್ಪಿಸುವ ಪದ್ಧತಿಯಿದ್ದಿತು. ಸಿಸ್ಟರ್ಷಿಯನರು ಅದನ್ನು ಕೈಬಿಟ್ಟು, ಪ್ರಾಯ ತುಂಬಿ ತಾವಾಗಿ ಬಂದವರನ್ನು ಮಾತ್ರ ಸೇರಿಸಿಕೊಂಡರು. ಆದುದರಿಂದ ಬರ್ನಾರ್ಡನ ಶ್ರೋತೃಗಳು ಲೋಕವನ್ನು ಕಂಡವರು; ಯುದ್ಧವನ್ನೂ, ಪ್ರೇಮವನ್ನೂ, ಪ್ರೇಮದ ಹಾಡುಗಳನ್ನೂ ಬಲ್ಲವರು. ಪ್ರೇಮದ ಭಾಷೆಯನ್ನು ಅವರಿಗೆ ಮರೆಸುವುದು ಆಗುವ ಮಾತಲ್ಲ. ಅದನ್ನು ಬೇರೊಂದು ಕಡೆಗೆ ತಿರುಗಿಸಬೇಕು. ಬರ್ನಾರ್ಡನ ಕಾಲದ ಮಠಜೀವನಕ್ಕೂ ಪ್ರೇಮಸಾಹಿತ್ಯಕ್ಕೂ ಇರುವ ಈ ಸಂಬಂಧವನ್ನು ಝಾನ್ ಲಕ್ಲೇರ್ಕ್ ಎಂಬ ವಿದ್ವಾಂಸಸಂನ್ಯಾಸಿಯು ೧೯೭೯ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದ್ದಾನೆ. ಸಂನ್ಯಾಸಿಯು ಶೃಂಗಾರಕಾವ್ಯವನ್ನು ಆರಿಸಿಕೊಂಡದ್ದೇಕೆ ಎಂಬ ಸಂಶಯಕ್ಕೆ ಇದಕ್ಕಿಂತ ಸಮಂಜಸವಾದ ಸಮಾಧಾನವು ನಮಗೆ ತೋರುವುದಿಲ್ಲ.

೩

ಇನ್ನು ವ್ಯಾಖ್ಯಾನಕ್ರಮ. ಇಪ್ಪತ್ತಮೂರನೆಯ ಪ್ರವಚನದಲ್ಲಿ ಬರ್ನಾರ್ಡನು ಶಾಸ್ತ್ರಾರ್ಥವನ್ನು ಮೂರು ನೆಲೆಗಳಾಗಿ ವಿಂಗಡಿಸಿ, ಅವಕ್ಕೆ ಅರಮನೆಯ ಮೂರು ಎಡೆಗಳನ್ನು ಹೋಲಿಸುತ್ತಾನೆ: ಚರಿತ್ರಾರ್ಥವು ತೋಟ, ನೀತ್ಯರ್ಥವು ಉಗ್ರಾಣ, ಧ್ಯಾನಗಮ್ಯವಾದ ರಹಸ್ಯಾರ್ಥವು ಶಯನಗೃಹ. ಇಂತಹ ವಿಂಗಡಣೆಯು ಆ ಕಾಲದ ಎಲ್ಲ ವ್ಯಾಖ್ಯಾನಕಾರರಲ್ಲಿಯೂ ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇದೆ. ಬರ್ನಾರ್ಡನನ್ನು ಅವರಿಂದ ಬೇರೆ ಮಾಡುವುದು ಮೂರನೆಯ ಪ್ರವಚನದ ಆರಂಭ. ಅಲ್ಲಿ ಆತನು, ಇಂದು ನಾವು ಓದತಕ್ಕದ್ದು ಅನುಭವವೆಂಬ ಪುಸ್ತಕವನ್ನು ಎಂಬ ಅರ್ಥದ ಮಾತನ್ನಾಡಿ, ಕೇಳುವವರು ತಮ್ಮ ತಮ್ಮ ಅಂತರಂಗದ ಕಡೆಗೆ ತಿರುಗಿ ಈ ವಾಕ್ಯವನ್ನು ಹೇಳುವ ಅರ್ಹತೆ ತಮಗುಂಟೇ ಎಂದು ನೋಡಿಕೊಳ್ಳಬೇಕೆಂದು ವಿಧಿಸುತ್ತಾನೆ. ಮೂಲಗ್ರಂಥವು ಒಂದು ಪುಸ್ತಕ. ಓದುವವನ ಬಾಳು ಮತ್ತೊಂದು ಪುಸ್ತಕ. ವ್ಯಾಖ್ಯಾನವೆಂದರೆ ಎರಡನ್ನೂ ಎದುರುಬದುರಾಗಿ ಇಟ್ಟುಕೊಂಡು ಓದುವುದು. ಇದು ಆತನ ಪದ್ಧತಿಯ ತಿರುಳು.

ಆತನ ನಿಧಾನಕ್ಕೂ ಇದೇ ಕಾರಣ. ಗೀತದ ಮೊದಲಲ್ಲಿ ವಧುವು ವರನ ಚುಂಬನವನ್ನು ಬಯಸುತ್ತಾಳೆ. ಈ ಒಂದು ಬಯಕೆಯ ವಿವರಣೆಯು ಮೊದಲ ಎಂಟು ಪ್ರವಚನಗಳನ್ನು ತೆಗೆದುಕೊಳ್ಳುತ್ತದೆ. ವಧುವು ಪೀಠಿಕೆಯಿಲ್ಲದೆ, ಯಾರೆಂದು ಹೇಳದೆ, ನಡುವಿನಿಂದ ಮಾತು ತೆಗೆದಂತೆ ಆರಂಭಿಸುತ್ತಾಳೆಂಬ ಸೂಕ್ಷ್ಮವನ್ನು ಬರ್ನಾರ್ಡನು ಮೊದಲನೆಯ ಪ್ರವಚನದಲ್ಲಿಯೇ ಗುರುತಿಸಿ ಮೆಚ್ಚುತ್ತಾನೆ. ಆಮೇಲೆ ಚುಂಬನದಲ್ಲಿ ಮೂರು ಮೆಟ್ಟಲುಗಳನ್ನು ಕಾಣಿಸುತ್ತಾನೆ. ಪಾಪಿಯಾದವನು ಮೊದಲು ಪಾದಕ್ಕೆ ಬಿದ್ದು ಅಳಬೇಕು; ಬಳಿಕ ಎತ್ತಿ ನಿಲ್ಲಿಸುವ ಕೈಯನ್ನು ಮುಟ್ಟಬೇಕು; ಆಮೇಲೆ ತಾನೆ ಮುಖವನ್ನು ನೋಡುವ ಧೈರ್ಯ. ಪಶ್ಚಾತ್ತಾಪ, ಸನ್ಮಾರ್ಗದಲ್ಲಿ ಏಳಿಗೆ, ಐಕ್ಯ ಎಂಬ ಕ್ರಮವು ಹೀಗೆ ದೇಹದ ಚಲನೆಯಾಗಿಯೇ ತೋರಿಬರುತ್ತದೆ. ಇಲ್ಲಿ ಸಂಕೇತಾರ್ಥವು ವಾಚ್ಯಾರ್ಥವನ್ನು ಕೊಲ್ಲುವುದಿಲ್ಲ. ಅದರ ಮೇಲೆ ನಿಂತು ಬೆಳೆಯುತ್ತದೆ. ಒಳ್ಳೆಯ ಧ್ವನಿಕಾವ್ಯದಲ್ಲಿ ನಾವು ಬಯಸುವ ಗುಣವೂ ಇದೇ ಅಲ್ಲವೆ?

ಈ ಪ್ರವಚನಗಳನ್ನು ಬರ್ನಾರ್ಡನು ಆಡಿದನೇ, ಬರೆದನೇ ಎಂಬುದೂ ಚರ್ಚೆಗೆ ಬಂದಿದೆ. ಅತಿಥಿಗಳು ಬಂದರೆಂದು ಮಾತು ನಿಲ್ಲಿಸುವುದು, ರಾತ್ರಿಯ ದೀರ್ಘ ಜಾಗರಣೆಯಿಂದ ತೂಕಡಿಸುವವರನ್ನು ಗದರಿಸಿ ಕ್ಷಮಿಸುವುದು, ತನ್ನ ಏಕಾಂತವನ್ನು ಕೆಡಿಸುವ ಶಿಷ್ಯರ ಮೇಲೆ ದೂರುವುದು, ಇಂತಹ ಸಂದರ್ಭಗಳು ಅಲ್ಲಲ್ಲಿ ಇರುವುದರಿಂದ ಇವು ಕೇಳಿ ಬರೆದುಕೊಂಡ ಮಾತುಗಳೆಂದು ಮೊದಲು ನಂಬಿದ್ದರು. ಆದರೆ ೧೯೫೭ರಿಂದ ೧೯೭೭ರವರೆಗೆ ಬರ್ನಾರ್ಡನ ಸಮಗ್ರ ಕೃತಿಗಳನ್ನು ಸಹಾಯಕರೊಡನೆ ಪರಿಷ್ಕರಿಸಿ ಪ್ರಕಟಿಸಿದ ಲಕ್ಲೇರ್ಕನು ಹಸ್ತಪ್ರತಿಗಳ ತಾರತಮ್ಯದಿಂದ, ಗ್ರಂಥಕರ್ತನೇ ಇವನ್ನು ತಿದ್ದಿ ತೀಡಿದನೆಂದೂ, ಇವು ಪ್ರವಚನದ ರೂಪದಲ್ಲಿರುವ ಸಾಹಿತ್ಯಕೃತಿಗಳೆಂದೂ ವಾದಿಸಿದನು. ಈ ವಾದವನ್ನು ಒಪ್ಪಿದರೆ ಬೆರೆಂಗಾರನ ಆಕ್ಷೇಪವು ಇನ್ನಷ್ಟು ತೀಕ್ಷ್ಣವಾಗುತ್ತದೆ. ಆಡುವಾಗ ದುಃಖವು ಉಕ್ಕಿಬಂದಿತೆಂದು ಹೇಳಿ ಬಿಡುವಂತಿಲ್ಲ. ತಿದ್ದುವಾಗಲೂ ಬರ್ನಾರ್ಡನು ಅದನ್ನು ತೆಗೆಯಲಿಲ್ಲ. ಆ ವಿಲಾಪವು ಅಲ್ಲಿರಬೇಕೆಂದೇ ಇರಿಸಿದ್ದು.

೪

ಹಾಗಾದರೆ ಆ ಇಪ್ಪತ್ತಾರನೆಯ ಪ್ರವಚನದಲ್ಲಿ ಇರುವುದೇನು? ವಧುವು ತಾನು ಕಪ್ಪಾದರೂ ಚೆಲುವೆಯೆಂದು ಹೇಳಿ, ತನ್ನನ್ನು ಕೇದಾರಿನ ಗುಡಾರಗಳಿಗೂ ಸೊಲೊಮೋನನ ಪರದೆಗಳಿಗೂ ಹೋಲಿಸಿಕೊಳ್ಳುವ ವಾಕ್ಯವು ಪ್ರಸ್ತುತ. ಕೇದಾರ್ ಎಂದರೆ ಕತ್ತಲೆ. ಗುಡಾರವೆಂದರೆ ಪರದೇಶಿಯ ತಂಗುದಾಣ. ಈ ದೇಹವೇ ಜೀವಾತ್ಮವು ಪ್ರವಾಸಕಾಲದಲ್ಲಿ ಇಳಿದುಕೊಂಡಿರುವ ಗುಡಾರ. ಇಷ್ಟರವರೆಗೆ ವ್ಯಾಖ್ಯಾನವು ಎಂದಿನಂತೆ ಸಾಗುತ್ತದೆ. ಅಲ್ಲಿ ಮಾತು ತಟ್ಟನೆ ಮುರಿಯುತ್ತದೆ. ಎಷ್ಟು ಹೊತ್ತು ನಟಿಸಲಿ, ಒಳಗಿನ ಬೆಂಕಿಯನ್ನು ಎಷ್ಟು ಹೊತ್ತು ಮುಚ್ಚಿಡಲಿ ಎಂದು ಆತನು ತನ್ನನ್ನೇ ಕೇಳಿಕೊಳ್ಳುತ್ತಾನೆ. ೧೧೩೮ರಲ್ಲಿ ತೀರಿಕೊಂಡ ತನ್ನ ಸೋದರ ಗೆರಾರ್ಡನ ವಿಷಯವು ಅಲ್ಲಿಂದ ಮೊದಲಾಗುತ್ತದೆ.

ಗೆರಾರ್ಡನು ಮೊದಲು ಯೋಧ. ಸೋದರರೆಲ್ಲ ಮಠಕ್ಕೆ ಹೊರಟಾಗಲೂ ಒಪ್ಪದೆ ಇದ್ದು, ಯುದ್ಧದಲ್ಲಿ ಗಾಯಗೊಂಡು ಸೆರೆಸಿಕ್ಕ ಬಳಿಕ ಮನಸ್ಸು ತಿರುಗಿ ಬಂದವನು. ಕ್ಲೇರ್ವೋದಲ್ಲಿ ಆತನು ಉಗ್ರಾಣದ ಅಧಿಕಾರಿ. ಬರ್ನಾರ್ಡನು ಆತನ ಗುಣಗಳನ್ನು ಎಣಿಸುವಾಗ ಭಕ್ತಿ, ವೈರಾಗ್ಯಗಳ ಪಟ್ಟಿಯಿಂದ ತೃಪ್ತನಾಗುವುದಿಲ್ಲ. ಕಟ್ಟಡ, ಹೊಲ, ತೋಟ, ನೀರಿನ ಕಾಲುವೆಗಳ ವಿಷಯದಲ್ಲಿ ಆತನಿಗೆ ತಿಳಿಯದ್ದು ಯಾವುದೂ ಇರಲಿಲ್ಲವೆಂದೂ, ಕಲ್ಲುಕುಟಿಗರು, ಕಮ್ಮಾರರು, ಒಕ್ಕಲಿಗರು, ತೋಟಗಾರರು, ಚಮ್ಮಾರರು, ನೇಕಾರರು ಇವರೆಲ್ಲರಿಗೂ ಆತನು ದಾರಿ ತೋರಿಸಬಲ್ಲವನಾಗಿದ್ದನೆಂದೂ ಹೇಳುತ್ತಾನೆ. ಬಂದವರನ್ನು ಬಾಗಿಲಲ್ಲಿಯೇ ಎದುರುಗೊಂಡು, ತಾನು ತೀರಿಸಬಹುದಾದುದನ್ನು ತಾನೇ ತೀರಿಸಿ, ತಮ್ಮನ ಏಕಾಂತವನ್ನು ಕಾಪಾಡಿದವನು ಆತನು. ತನ್ನ ಪ್ರಾರ್ಥನೆಯ ಬಿಡುವೂ, ಅಧ್ಯಯನದ ಬಿಡುವೂ, ಪ್ರವಚನವನ್ನು ಸಿದ್ಧಪಡಿಸುವ ಬಿಡುವೂ ಆ ಅಣ್ಣನ ದುಡಿಮೆಯಿಂದ ದೊರೆತದ್ದೆಂದು ಬರ್ನಾರ್ಡನು ಒಪ್ಪಿಕೊಳ್ಳುತ್ತಾನೆ.

ಅಂತ್ಯಕ್ರಿಯೆಯ ವೇಳೆಯಲ್ಲಿ ತನ್ನ ಕಣ್ಣು ಒಣಗಿದ್ದಿತೆಂದೂ, ಉಳಿದವರು ಅಳುತ್ತಿರಲು ತಾನೇ ಮಂತ್ರಗಳನ್ನು ಹೇಳಿ, ತಾನೇ ಮಣ್ಣು ಹಾಕಿದೆನೆಂದೂ, ಹಾಗೆ ಅದುಮಿದ ದುಃಖವು ಒಳಗೇ ಬೇರೂರಿತೆಂದೂ ವರ್ಣಿಸುತ್ತಾನೆ. ಹಿಂದಿನ ವರ್ಷ, ಪೋಪ್ ಪದವಿಯ ವ್ಯಾಜ್ಯವನ್ನು ತೀರಿಸಲು ಇಟಲಿಗೆ ಹೋಗಿದ್ದಾಗ, ವಿತೆರ್ಬೊ ನಗರದಲ್ಲಿ ಗೆರಾರ್ಡನು ಸಾಯುವಂತಾದನು. ಊರಿಗೆ ಮರಳುವವರೆಗಾದರೂ ಇವನನ್ನು ಉಳಿಸಿಕೊಡು ಎಂದು ಬರ್ನಾರ್ಡನು ಬೇಡಿಕೊಂಡನು. ದೇವರು ಉಳಿಸಿಕೊಟ್ಟನು, ಮರಳಿದ ಮೇಲೆ ತೆಗೆದುಕೊಂಡನು. ಕರಾರು ಮಾಡಿದ್ದನ್ನು ತಾನು ಮರೆತಿದ್ದೆನು, ದೇವರು ಮರೆಯಲಿಲ್ಲವೆಂದು ಬರ್ನಾರ್ಡನು ಹೇಳಿಕೊಳ್ಳುವಾಗ, ಅದರಲ್ಲಿ ದೂರೂ ಶರಣಾಗತಿಯೂ ಒಂದೇ ಉಸಿರಿನಲ್ಲಿವೆ. ಕೊನೆಗೆ ಕಣ್ಣೀರು ಮಾತನ್ನು ನಿಲ್ಲಿಸುತ್ತದೆ. ಕಣ್ಣೀರನ್ನು ನಿಲ್ಲಿಸುವ ಭಾರವನ್ನು ದೇವರಿಗೆ ಬಿಟ್ಟು ಪ್ರವಚನವು ಮುಗಿಯುತ್ತದೆ.

೫

ಈಗ ಬೆರೆಂಗಾರನ ಮೊದಲನೆಯ ಆಕ್ಷೇಪವನ್ನು ತೂಗಿ ನೋಡೋಣ. ಮದುವೆಯ ಹಾಡಿನಲ್ಲಿ ಮರಣವಿಲಾಪವು ಸಲ್ಲದೆಂಬ ನ್ಯಾಯವು ಸಾಮಾನ್ಯವಾಗಿ ಸರಿಯಾದುದೇ. ಆದರೆ ಆ ನ್ಯಾಯವನ್ನು ಬರ್ನಾರ್ಡನಿಗೆ ಮೊದಲು ಹೇಳಿದವನು ಬೆರೆಂಗಾರನಲ್ಲ, ಬರ್ನಾರ್ಡನೇ. ಕಹಿಯಲ್ಲಿ ಮುಳುಗಿದ ತನಗೂ ಈ ಹಾಡಿಗೂ ಏನು ಸಂಬಂಧ ಎಂದು ಆತನು ವಿಲಾಪದ ಬಾಗಿಲಲ್ಲಿಯೇ ಪ್ರಶ್ನಿಸಿಕೊಂಡಿದ್ದಾನೆ. ಅನೌಚಿತ್ಯವನ್ನು ಅರಿಯದೆ ಮಾಡಿದವನು ಬೇರೆ. ಅರಿತು, ಅದನ್ನು ಬಾಯಿಬಿಟ್ಟು ಹೇಳಿ, ಆಮೇಲೂ ಮುಂದುವರಿದವನು ಬೇರೆ. ಎರಡನೆಯವನಿಗೆ ಏನೋ ಕಾರಣವಿರಬೇಕು.

ಕಾರಣವನ್ನು ಸ್ಥಳದಲ್ಲಿಯೇ ಕಾಣಬಹುದು. ವಾಕ್ಯದಲ್ಲಿ ಎರಡು ಉಪಮಾನಗಳಿವೆ. ಕೇದಾರಿನ ಗುಡಾರವು ಕತ್ತಲೆಯ, ಪ್ರವಾಸದ ಸಂಕೇತ. ಸೊಲೊಮೋನನ ಪರದೆಯನ್ನು ಇಪ್ಪತ್ತೇಳನೆಯ ಪ್ರವಚನದಲ್ಲಿ ಆತನು ಸ್ವರ್ಗವೆಂದು ವಿವರಿಸುತ್ತಾನೆ. ಇವೆರಡರ ನಡುವೆ, ಗುಡಾರವನ್ನು ಬಿಚ್ಚಿ ಅರಮನೆಗೆ ಹೋದವನೊಬ್ಬನ ಕಥೆ ನಿಂತಿದೆ. ಅಣ್ಣನು ಹೊರಟುಹೋದನು, ತಮ್ಮನು ಗುಡಾರದಲ್ಲಿಯೇ ಉಳಿದನು. ವಧುವಿನ ಕಪ್ಪು ಯಾವುದು, ಚೆಲುವು ಯಾವುದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಯಾವ ಪದಾರ್ಥವಿವರಣೆಯೂ ತೋರಿಸಲಾರದು. ಇಪ್ಪತ್ತೇಳನೆಯದರ ಮೊದಲಲ್ಲಿ ಆತನು, ಮನೆಗೆ ಮರಳಿದ ಮಿತ್ರನಿಗೆ ಮಾನವಸಹಜವಾದ ಋಣವನ್ನು ಸಲ್ಲಿಸಿದ್ದಾಯಿತು, ಔತಣದಲ್ಲಿರುವವನ ಮುಂದೆ ಇನ್ನೂ ಅಳುವುದು ತರವಲ್ಲವೆಂದು ಹೇಳಿ ಬಿಟ್ಟ ಎಳೆಯನ್ನು ಮತ್ತೆ ಹಿಡಿಯುತ್ತಾನೆ. ಮಾತು ಮುರಿದ ಹಾಗೆ ಕಂಡರೂ ಅರ್ಥವು ಮುರಿಯಲಿಲ್ಲ.

ಇನ್ನೂ ಒಂದು ಮಾತುಂಟು. ಈ ವ್ಯಾಖ್ಯಾನವು ಹುಟ್ಟಿದ್ದೇ ಗೆರಾರ್ಡನು ಒದಗಿಸಿದ ಬಿಡುವಿನಲ್ಲಿ. ಶಯನಗೃಹದ ರಹಸ್ಯವನ್ನು ತಮ್ಮನು ಧ್ಯಾನಿಸುವುದಕ್ಕಾಗಿ ತೋಟವನ್ನೂ ಉಗ್ರಾಣವನ್ನೂ ಅಣ್ಣನು ನೋಡಿಕೊಂಡನು. ಹೀಗಿರುವಲ್ಲಿ ಆತನ ಹೆಸರು ವ್ಯಾಖ್ಯಾನದಲ್ಲಿ ಎಲ್ಲಿಯೂ ಬಾರದೆ ಹೋಗಿದ್ದರೆ ಅದೇ ಅನೌಚಿತ್ಯವಾಗುತ್ತಿತ್ತು. ಅನುಭವವನ್ನು ಎರಡನೆಯ ಪುಸ್ತಕವೆಂದು ಸಾರಿದವನು ಆ ಪುಸ್ತಕದ ಕರಾಳವಾದ ಪುಟವು ಎದುರಾದಾಗ ಅದನ್ನು ಮಗುಚಿಹಾಕಿದ್ದರೆ, ಮೊದಲಿನ ಮಾತು ಅಲಂಕಾರವಾಗಿ ಉಳಿಯುತ್ತಿತ್ತು. ಆದುದರಿಂದ ಮೊದಲನೆಯ ಆಕ್ಷೇಪವು ನಿಲ್ಲದು.

ಎರಡನೆಯದು, ಎರವಲಿನ ಆಕ್ಷೇಪ. ನಾಲ್ಕನೆಯ ಶತಮಾನದಲ್ಲಿ ಮಿಲಾನ್ ನಗರದ ಧರ್ಮಾಧ್ಯಕ್ಷನಾಗಿದ್ದ ಆಂಬ್ರೋಸನು ತನ್ನ ಸೋದರ ಸತಿರಸನ ಮರಣವನ್ನು ಕುರಿತು ಎರಡು ಭಾಷಣಗಳನ್ನು ಬಿಟ್ಟಿದ್ದಾನೆ. ಬರ್ನಾರ್ಡನು ಅವನ್ನು ಓದಿದ್ದನೆಂದು ನಂಬಲು ಅಡ್ಡಿಯಿಲ್ಲ. ಲಾಜರನ ಸಮಾಧಿಯ ಬಳಿ ಕ್ರಿಸ್ತನು ಅತ್ತನೆಂಬ ದೃಷ್ಟಾಂತದಿಂದ ತನ್ನ ಕಣ್ಣೀರನ್ನು ಸಮರ್ಥಿಸಿಕೊಳ್ಳುವುದು ಇಬ್ಬರಲ್ಲಿಯೂ ಇದೆ. ಸೋದರನು ಗೃಹಕೃತ್ಯದ ಭಾರವನ್ನು ಹೊತ್ತು ತನಗೆ ಬಿಡುವು ಮಾಡಿಕೊಟ್ಟನೆಂಬ ಮಾತೂ ಇಬ್ಬರಿಗೂ ಸಮಾನ. ಇಷ್ಟರಮಟ್ಟಿಗೆ ಬೆರೆಂಗಾರನ ಮಾತಿನಲ್ಲಿ ಸತ್ಯಾಂಶವುಂಟು. ಆದರೆ ಆಂಬ್ರೋಸನು ಅಂತ್ಯಕ್ರಿಯೆಯ ಸಂದರ್ಭದಲ್ಲಿಯೇ ಬಹಿರಂಗವಾಗಿ ಮಾತನಾಡಿದನು. ಬರ್ನಾರ್ಡನು ಅಂತ್ಯಕ್ರಿಯೆಯಲ್ಲಿ ಅಳದೆ, ಆಮೇಲೆ ಬೇರೆ ಕೆಲಸದ ನಡುವೆ ಸೋತನು. ಶೋಕವನ್ನು ಗೆದ್ದೆನೆಂದುಕೊಂಡವನು ಒಂದು ಪದವು ಎದುರಾದ ಕೂಡಲೇ ಸೋಲುವ ಈ ಸನ್ನಿವೇಶವು ಆಂಬ್ರೋಸನಲ್ಲಿಲ್ಲ. ಕಲ್ಲುಕುಟಿಗರು ಕಮ್ಮಾರರೂ ಅಲ್ಲಿಲ್ಲ. ವಿತೆರ್ಬೊ ನಗರದ ಕರಾರೂ ಅಲ್ಲಿಲ್ಲ. ದುಃಖಕ್ಕೆ ಮಾತು ಬೇಕಾದಾಗ ಮನುಷ್ಯನು ಹಿರಿಯರ ಮಾತನ್ನೇ ಎತ್ತಿಕೊಳ್ಳುತ್ತಾನೆ. ನೋಡಬೇಕಾದುದು ಆ ಮಾತಿನೊಳಗೆ ಆತನು ತನ್ನದೇನನ್ನಾದರೂ ಇಟ್ಟನೇ ಎಂಬುದನ್ನು. ಬರ್ನಾರ್ಡನು ಇಟ್ಟಿದ್ದಾನೆ. ದೇವರಿಗೆ ತಾನಾಗಿ ನೋವಿಲ್ಲ, ಆದರೆ ನೊಂದವರೊಡನೆ ನೋಯುವ ಶಕ್ತಿಯುಂಟೆಂಬ ಅರ್ಥದ ವಿಚಾರವೂ ಇದೇ ಪ್ರವಚನದಲ್ಲಿ ಬರುತ್ತದೆ. ದುಃಖದಿಂದ ಹಿಂಡಿ ತೆಗೆದ ಈ ತತ್ತ್ವವು ಎರವಲಿನ ಗೋಳಿನಿಂದ ಹುಟ್ಟುವಂತಹುದಲ್ಲ.

೬

ಇಲ್ಲಿಗೆ ಬರ್ನಾರ್ಡನು ಗೆದ್ದನೆಂದು ಹೇಳಿ ಮುಗಿಸಿದರೆ ವಿಮರ್ಶೆಯು ಅರ್ಧವಾಗುತ್ತದೆ. ಮೂಲದ ವಾಕ್ಯವನ್ನು ತನ್ನ ಕಾಲದ, ತನ್ನ ಬಾಳಿನ ಸಂಗತಿಗಳಿಗೆ ತೆರೆದಿಡುವ ಈ ಸ್ವಾತಂತ್ರ್ಯವು ಯಾವಾಗಲೂ ಕರುಣೆಗೇ ದಾರಿಯಾಗಲಿಲ್ಲ. ಗೀತದ ಎರಡನೆಯ ಅಧ್ಯಾಯದಲ್ಲಿ ದ್ರಾಕ್ಷೆಯ ತೋಟವನ್ನು ಹಾಳುಮಾಡುವ ಸಣ್ಣ ನರಿಗಳನ್ನು ಹಿಡಿಯಬೇಕೆಂಬ ಮಾತಿದೆ. ಬರ್ನಾರ್ಡನು ಮೊದಲು ನರಿಗಳನ್ನು ಸಾಧಕನ ಮನಸ್ಸಿನಲ್ಲಿ ನುಸುಳುವ ಮೋಹಗಳೆಂದು ವಿವರಿಸುತ್ತಾನೆ. ಆಮೇಲೆ ಅವೇ ಪಾಷಂಡಮತದವರಾಗುತ್ತವೆ. ೧೧೪೩ರ ಸುಮಾರಿಗೆ ಷ್ಟೈನ್‌ಫೆಲ್ಡ್ ಮಠದ ಎಬರ್ವಿನ್ ಎಂಬ ಅಧಿಕಾರಿಯು ಆತನಿಗೊಂದು ಕಾಗದವನ್ನು ಬರೆದು, ಕಲೋನ್ ನಗರದಲ್ಲಿ ಸಿಕ್ಕಿಬಿದ್ದ ಕೆಲವರನ್ನು ಜನರು ತಮ್ಮ ಮನಸ್ಸಿಗೆ ವಿರೋಧವಾಗಿ ಎಳೆದೊಯ್ದು ಸುಟ್ಟರೆಂದೂ, ಅವರು ಬೆಂಕಿಯನ್ನು ತಾಳ್ಮೆಯಿಂದ ಮಾತ್ರವಲ್ಲದೆ ಸಂತೋಷದಿಂದ ಸಹಿಸಿದರೆಂದೂ ತಿಳಿಸಿ, ಇದು ಹೇಗೆ ಸಾಧ್ಯವಾಯಿತೆಂದು ಕೇಳಿದ್ದನು. ಅರವತ್ತೈದು, ಅರವತ್ತಾರನೆಯ ಪ್ರವಚನಗಳಿಗೆ ಇದೇ ಹಿನ್ನೆಲೆ.

ಅರವತ್ತನಾಲ್ಕನೆಯದರಲ್ಲಿ ಬರ್ನಾರ್ಡನು ನರಿಗಳನ್ನು ಆಯುಧದಿಂದಲ್ಲ, ಯುಕ್ತಿವಾದದಿಂದ ಹಿಡಿಯಬೇಕೆಂದಿದ್ದಾನೆ. ಅರವತ್ತಾರನೆಯದರಲ್ಲಿಯೂ ಜನರ ಆವೇಶವನ್ನು ಮೆಚ್ಚಿ, ಕೃತ್ಯವನ್ನು ಒಪ್ಪದೆ, ವಿಶ್ವಾಸವು ಒಡಂಬಡಿಸಿ ಹುಟ್ಟಿಸತಕ್ಕದ್ದು, ಹೊರಿಸತಕ್ಕದ್ದಲ್ಲವೆಂಬ ತತ್ತ್ವವನ್ನು ಹೇಳುತ್ತಾನೆ. ಆ ಶತಮಾನದಲ್ಲಿ ಇಷ್ಟನ್ನು ಹೇಳಿದವನು ಸಾಮಾನ್ಯನಲ್ಲ. ಆದರೆ ಮುಂದಿನ ವಾಕ್ಯದಲ್ಲಿಯೇ, ಅವರು ಅನೇಕರನ್ನು ಕೆಡಿಸುವುದಕ್ಕಿಂತ ರಾಜ್ಯಾಧಿಕಾರಿಯ ಕತ್ತಿಯಿಂದ ಅಡಗಿಸಲ್ಪಡುವುದು ಮೇಲೆಂದು ಸೇರಿಸುತ್ತಾನೆ. ಮೊದಲ ವಾಕ್ಯವು ತೆರೆದ ಬಾಗಿಲನ್ನು ಎರಡನೆಯದು ಮುಚ್ಚುತ್ತದೆ. ಬೆಂಕಿಯಲ್ಲಿ ಅವರು ತೋರಿದ ಧೈರ್ಯಕ್ಕೆ ಆತನು ಕೊಡುವ ಸಮಾಧಾನವು ಸೈತಾನನ ಶಕ್ತಿಯೆಂಬುದು.

ಗ್ರಂಥದ ನಿಜವಾದ ದೋಷವು ಇಲ್ಲಿದೆಯೆಂದು ನಾವು ಭಾವಿಸುತ್ತೇವೆ. ಅದು ಬೆರೆಂಗಾರನು ಬೆರಳಿಟ್ಟ ಕಡೆಯಲ್ಲಿಲ್ಲ. ಕಾಲಧರ್ಮವೆಂದು ಹೇಳಿ ಇದನ್ನು ದಾಟಿಬಿಡಬಹುದು. ಆದರೆ ಬರ್ನಾರ್ಡನನ್ನು ಬರ್ನಾರ್ಡನ ಅಳತೆಗೋಲಿನಿಂದಲೇ ಅಳೆಯುವುದು ನ್ಯಾಯ. ಅನುಭವವು ಒಂದು ಪುಸ್ತಕವಾದರೆ, ಅದು ತನಗೆ ಮಾತ್ರ ಪುಸ್ತಕವೆ? ತನ್ನ ಕಣ್ಣೀರಿಗೆ ಶಾಸ್ತ್ರದಲ್ಲಿ ಎಡೆಯನ್ನು ಹುಡುಕಿದವನು, ಕಲೋನಿನಲ್ಲಿ ಉರಿಯುತ್ತ ನಿಂತವರ ಸಂತೋಷವನ್ನು ಒಂದು ಗಳಿಗೆ ಓದಿ ನೋಡಲಿಲ್ಲ. ಕಾಗದ ಬರೆದ ಎಬರ್ವಿನನು ಕನಿಷ್ಠ ಪಕ್ಷ ಬೆರಗಾಗಿ ಪ್ರಶ್ನೆ ಕೇಳಿದನು. ಬರ್ನಾರ್ಡನಿಗೆ ಉತ್ತರವು ಮೊದಲೇ ಸಿದ್ಧವಾಗಿತ್ತು. ಸಣ್ಣ ನರಿಯೆಂಬ ರೂಪಕವು ಮನುಷ್ಯರ ಮೇಲೆ ಬಿದ್ದಾಗ, ಮನುಷ್ಯರು ಕಾಣದೆ ಹೋಗಿ ನರಿಗಳು ಮಾತ್ರ ಉಳಿದುವು. ಚುಂಬನದ ರೂಪಕದಲ್ಲಿ ವಾಚ್ಯಾರ್ಥವನ್ನು ಅಷ್ಟು ಜತನದಿಂದ ಕಾಪಾಡಿದವನು ಇಲ್ಲಿ ರೂಪಕಕ್ಕೆ ವಸ್ತುವನ್ನು ಬಲಿಗೊಟ್ಟನು.

೭

ಆದರೂ ಗ್ರಂಥವು ತನ್ನ ದೋಷಕ್ಕೆ ಮದ್ದನ್ನು ತನ್ನಲ್ಲಿಯೇ ಇಟ್ಟುಕೊಂಡಿದೆ. ಎಪ್ಪತ್ತನಾಲ್ಕನೆಯ ಪ್ರವಚನದಲ್ಲಿ ಬರ್ನಾರ್ಡನು ಬಹಳ ಸಂಕೋಚದಿಂದ ಸ್ವಾನುಭವವನ್ನು ಹೇಳಿಕೊಳ್ಳುತ್ತಾನೆ. ದೇವವಾಕ್ಯವು ತನ್ನಲ್ಲಿಗೆ ಎಷ್ಟೋ ಸಲ ಬಂದುದುಂಟು. ಆದರೆ ಬಂದುದೂ ಹೋದುದೂ ಯಾವ ಇಂದ್ರಿಯಕ್ಕೂ ತಿಳಿಯಲಿಲ್ಲ. ಬಂದಿತ್ತೆಂದು ತಿಳಿದದ್ದು ಹೃದಯದ ಚಲನೆಯಿಂದ, ದುರ್ಗುಣಗಳು ಹಿಮ್ಮೆಟ್ಟಿದುದರಿಂದ, ನಡತೆಯು ಸ್ವಲ್ಪವಾದರೂ ತಿದ್ದಿಕೊಂಡದ್ದರಿಂದ. ಅನುಭವಕ್ಕೆ ಸಾಕ್ಷಿ ಅದರ ಆವೇಶವಲ್ಲ, ಅದರ ಫಲ ಎಂಬುದು ಇದರ ತಾತ್ಪರ್ಯ. ಎಂಬತ್ತಮೂರನೆಯದರಲ್ಲಿ, ಪ್ರೀತಿಯು ತನಗೆ ತಾನೇ ಕಾರಣ, ತನಗೆ ತಾನೇ ಫಲವೆಂದೂ, ಜೀವನು ದೇವರಿಗೆ ಸಮಾನವಾದ ರೀತಿಯಲ್ಲಿ ಮರುನುಡಿಯಬಲ್ಲದ್ದು ಪ್ರೀತಿಯೊಂದರಲ್ಲಿ ಮಾತ್ರವೆಂದೂ ಹೇಳುತ್ತಾನೆ. ಈ ಎರಡು ಪ್ರವಚನಗಳನ್ನು ಮುಂದಿಟ್ಟುಕೊಂಡು ಅರವತ್ತಾರನೆಯದನ್ನು ಓದಿದ ವಾಚಕನಿಗೆ, ಅದನ್ನು ಖಂಡಿಸಲು ಹೊರಗಿನ ಪ್ರಮಾಣವೇ ಬೇಕಾಗುವುದಿಲ್ಲ.

ಗ್ರಂಥದ ಅಪೂರ್ಣತೆಯನ್ನು ಕುರಿತು ಒಂದೆರಡು ಮಾತು. ಬರ್ನಾರ್ಡನ ಮಿತ್ರನಾದ ಸಾಂ-ತಿಯೆರಿಯ ವಿಲಿಯಂ ಎಂಬವನು, ಇಬ್ಬರೂ ಕಾಯಿಲೆಯಲ್ಲಿದ್ದಾಗ ಕ್ಲೇರ್ವೋದ ರೋಗಿಗಳ ಮನೆಯಲ್ಲಿ ಈ ಗೀತವನ್ನು ಕುರಿತು ನಡೆದ ಮಾತುಕತೆಯನ್ನು ದಾಖಲೆ ಮಾಡಿದ್ದಾನೆ. ೧೧೩೫ರಲ್ಲಿ ಸಿಸ್ಟರ್ಷಿಯನ್ ಪಂಗಡಕ್ಕೆ ಸೇರಿದ ಮೇಲೆ ಆತನೂ ಗೀತಕ್ಕೆ ವ್ಯಾಖ್ಯಾನವನ್ನು ಬರೆದನು; ಅದೂ ಮೂರನೆಯ ಅಧ್ಯಾಯದ ಆರಂಭದಲ್ಲಿಯೇ ನಿಂತಿತು. ಅಬೆಲಾರ್ಡನ ಮೇಲೆ ಬರೆಯಬೇಕಾಗಿ ಬಂದುದರಿಂದ ಅದನ್ನು ಬಿಡಬೇಕಾಯಿತೆಂದು ಆತನೇ ಹೇಳಿಕೊಂಡಿದ್ದಾನೆ. ವಿವಾದವು ಒಬ್ಬನ ವ್ಯಾಖ್ಯಾನವನ್ನು ನಿಲ್ಲಿಸಿತು. ಮರಣವು ಇ‍ನ್ನೊಬ್ಬನದನ್ನು ನಿಲ್ಲಿಸಿತು. ಬರ್ನಾರ್ಡನು ಬಿಟ್ಟಲ್ಲಿಂದ ಇಂಗ್ಲೆಂಡಿನ ಸ್ವೈನ್ಸ್‌ಹೆಡ್ ಮಠದ ಅಧಿಪತಿ ಗಿಲ್ಬರ್ಟನು ಎತ್ತಿಕೊಂಡು ನಡೆಸಿ, ೧೧೭೨ರಲ್ಲಿ ಐದನೆಯ ಅಧ್ಯಾಯದ ನಡುವೆ ಬಿಟ್ಟು ತೀರಿಕೊಂಡನು. ಕೊನೆಗೆ ಫೋರ್ಡ್ ಮಠದ ಅಧಿಪತಿ ಜಾನನು ನೂರಿಪ್ಪತ್ತು ಪ್ರವಚನಗಳಲ್ಲಿ ಗೀತವನ್ನು ಮುಗಿಸಿದನು. ಆತನು ೧೨೧೪ರಲ್ಲಿ ತೀರಿಕೊಂಡನು. ಆತನ ಪ್ರವಚನಗಳು ಅಚ್ಚಿನ ಮುಖವನ್ನು ಕಂಡದ್ದು ೧೯೭೦ರಲ್ಲಿ. ಮೂವರ ಪ್ರವಚನಗಳು ಒಟ್ಟು ಇನ್ನೂರೈವತ್ತನ್ನು ಮೀರುತ್ತವೆ. ಒಂದೇ ಪಂಗಡದ ಮೂರು ತಲೆಮಾರುಗಳು ಒಂದು ಚಿಕ್ಕ ಹಾಡಿನ ಮುಂದೆ ಕುಳಿತು ಸುಮಾರು ಎಂಬತ್ತು ವರ್ಷಗಳನ್ನು ಕಳೆದುವು.

ಈ ಮೂವರಲ್ಲಿ ಮುಗಿಸಿದವನಿಗಿಂತ ಮುಗಿಸಲಾರದವನನ್ನೇ ಲೋಕವು ಹೆಚ್ಚಾಗಿ ಓದುತ್ತಿದೆ. ಅದಕ್ಕೆ ಬರ್ನಾರ್ಡನ ಶೈಲಿಯೂ, ಆತನ ಕೀರ್ತಿಯೂ ಕಾರಣಗಳಾಗಿರಬಹುದು. ನಮಗೆ ತೋರುವ ಮುಖ್ಯಕಾರಣ ಬೇರೆ. ಆತನ ವ್ಯಾಖ್ಯಾನದಲ್ಲಿ ಮೂಲವು ಓದುಗನನ್ನು ಪ್ರಶ್ನಿಸುತ್ತದೆ. ಓದುಗನು ತನ್ನ ಬಾಳನ್ನು ಕೈಯಲ್ಲಿ ಹಿಡಿದು ಉತ್ತರ ಕೊಡಬೇಕಾಗುತ್ತದೆ. ಉತ್ತರವು ಕೆಲವೆಡೆ ಕಣ್ಣೀರಾಗಿದೆ, ಕೆಲವೆಡೆ ಕಾಠಿಣ್ಯವಾಗಿದೆ. ಕಣ್ಣೀರನ್ನು ತೆಗೆದುಹಾಕಬೇಕೆಂದ ಬೆರೆಂಗಾರನ ಮಾತು ಸಲ್ಲದು; ಕಾಠಿಣ್ಯವನ್ನು ಮುಚ್ಚಿಡಬೇಕೆನ್ನುವ ಭಕ್ತರ ಮಾತೂ ಸಲ್ಲದು. ಎರಡನ್ನೂ ತಿದ್ದಿ ತೀಡಿ ಗ್ರಂಥದಲ್ಲಿಯೇ ಉಳಿಸಿದವನು ಗ್ರಂಥಕರ್ತನು. ಎರಡನ್ನೂ ಓದಿ, ಮೊದಲನೆಯದರ ಬೆಳಕಿನಲ್ಲಿ ಎರಡನೆಯದನ್ನು ತೂಗುವುದು ವಾಚಕನ ಕರ್ತವ್ಯ.